ದೊಡ್ಡ ರಸ್ತೆಯಲ್ಲಿ ನಿಲ್ಲಿಸಿದ ಕಾರು

ಉಪ್ಪುಮೀನಿನ ಅಂಗಡಿಯ ಸಾಲಿನಲ್ಲಿ ಮುದುಕಿ ಫಿಲೊಮಿನಾ ನಿಂತಿದ್ದಳು. ಅವಳ ಮುಂದೆ, ಪುರಸಭೆಯ ಹಿಮ ತಳ್ಳುವ ಗಾಡಿ ಓಡಿಸುವ ಲಿಯೊ.

"ನಮ್ಮ ಗಲ್ಲೀಲಿ ಹಿಮ ತೆಗೆಯೋಕೆ ಯಾವಾಗ ಬರ್ತೀಯಾ ಮಗಾ?" ಎಂದು ಫಿಲೊಮಿನಾ ಕೇಳಿದಳು.

"ದೊಡ್ಡ ರಸ್ತೆ, ಶಾಲೆ ರಸ್ತೆ ಆದ್ಮೇಲೆ. ನಾಳೆ ಮಧ್ಯಾಹ್ನ ಆಗ್ಬಹುದಮ್ಮಾ."

"ಬೆಳಿಗ್ಗೆನೇ ನಮ್ಮೋರಿಗೆ ಡಯಾಲಿಸಿಸ್ಸು. ಹೋದ ಸಲದ್ದೇ ತಪ್ಪಿಹೋಗಿದೆ."

"ಇವತ್ತೇ ಕಾರು ತಂದು ದೊಡ್ಡ ರಸ್ತೇಲಿ ನಿಲ್ಸಿಬಿಡಿ. ಬೆಳಿಗ್ಗೆ ಅವರನ್ನ ಅಲ್ಲೀತನಕ ಹಿಮದ ಜಾರುಬಂಡೀಲಿ ಎಳ್ಕೊಂಡು ಬನ್ನಿ."

"ಹೋದ ಸಲ ಹಂಗೇ ಮಾಡಿದ್ದೆ. ನಿನ್ನ ಗಾಡಿಗೆ ಅಡ್ಡ ಅಂತ ಪುರಸಭೆಯೋರು ಕಾರನ್ನೇ ಹೊತ್ಕೊಂಡು ಹೋಗಿದ್ರು. ಇವರು ಬಂಡೀಲಿ ನಡುಗ್ತಾ ಕೂತಿದ್ರು."

ಲಿಯೊ ಅವಳ ಕಡೆ ಪೂರ್ತಿ ತಿರುಗಿದ.

"ಆ ನೀಲಿ ಕಾರು ನಿಮ್ದಾ? ಪುರಸಭೆಗೆ ಫೋನ್ ಮಾಡಿ ಹೇಳಿದ್ದು ನಾನೇ."

"ಹಂಗಾದ್ರೆ ನಾಳೆ ಮೊದ್ಲು ನಮ್ಮ ಗಲ್ಲಿಗೆ ಬಾ."

"ಅದು ನನ್ನ ಕೈಲಿಲ್ಲಮ್ಮಾ."

"ಅವತ್ತು ಫೋನು ನಿನ್ನ ಕೈಲೇ ಇತ್ತಲ್ಲ."

ಲಿಯೊ ಮೀನಿನ ಪೊಟ್ಟಣ ಎತ್ತಿಕೊಂಡು ತಲೆ ತಗ್ಗಿಸಿ ಹೊರಟುಹೋದ.