ಬೆಕ್ಕು ಮಲಗುವ ಪೆಟ್ಟಿಗೆ

೧೯೪೬ರ ಚಳಿಗಾಲ. ಕೊಪ್ಪಳ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದೆ. ಅದೇ ಬೆಂಚಿನಲ್ಲಿ ಒಬ್ಬಳು ಅಕ್ಕ ತಮ್ಮನನ್ನು ಕಳಿಸಿಕೊಡಲು ಬಂದಿದ್ದಳು. ತಮ್ಮ ಹುಬ್ಬಳ್ಳಿಯಲ್ಲಿ ಕರೆಂಟಿನ ಕೆಲಸದವನು; ಅಕ್ಕನ ಮಗನ ಮದುವೆಗೆ ಬಂದಿರಲಿಲ್ಲ, ಈಗ ಬೇರೆ ಕೆಲಸಕ್ಕೆ ಊರಿಗೆ ಬಂದಿದ್ದ. ಅಕ್ಕನ ಮನೆಗೆ ಪಕ್ಕದ ಹತ್ತಿ ಮಿಲ್ಲಿನಿಂದ ಕರೆಂಟು.

“ಸೊಸಿನ್ನ ಮನಿ ತುಂಬಿಸ್ಕೊಳ್ಳೋ ಹೊತ್ತಿಗೇ ಫ್ಯೂಜ್ ಹೋತು, ಅಮರಪ್ಪ. ಹೊಸ್ತಿಲದಾಗ ಆಕಿ, ಒಳಗೆಲ್ಲಾ ಕತ್ತಲಿ. ಮಂದಿ ಏನೇನೋ ಅಂದ್ರು.”

“ಮಾವ ಏನ್ ಮಾಡಿದ್ರು?”

“ದಪ್ಪನ ತಾಮ್ರದ ತಂತಿ ಹಾಕ್ಯಾರ. ಅವತ್ತಿಂದ ಒಮ್ಮೆನೂ ಹೋಗಿಲ್ಲ.”

“ಫ್ಯೂಜಿನ ಪೆಟಗಿ ಮುಟ್ಟಿ ನೋಡೀಯೇನು?”

“ಬೆಚ್ಚಗ ಇರತೈತಿ. ಬೆಕ್ಕು ದಿನಾ ಅದರ ಮ್ಯಾಲ ಮಲಗತೈತಿ.”

ತಮ್ಮ ತೊಡೆಯ ಮೇಲಿದ್ದ ಚೀಲವನ್ನು ಕೆಳಗಿಟ್ಟ.

“ಸೊಸಿ ಎಲ್ಲಿ ಮಲಗ್ತಾಳ?”

“ಅದ ಖೋಲ್ಯಾಗ. ಥಂಡ್ಯಾಗ ಛಲೋ ಅನಸತೈತಿ ಅಂತಾಳ.”

“ಅಕ್ಕಾ, ಎಲ್ಲೋ ಲೈನ್ ಕೆಟ್ಟೈತಿ. ಅದಕ್ಕ ಫ್ಯೂಜ್ ಹೋಗಿತ್ತು. ತೆಳ್ಳನ ತಂತಿ ತಾ ಸುಟ್ಟು ಮನಿ ಉಳಸತೈತಿ. ದಪ್ಪಂದು ಸುಡಂಗಿಲ್ಲ, ಮನಿ ಸುಡತೈತಿ.”

ಗಾಡಿ ಬಂದು ನಿಂತಿತು. ಅಕ್ಕ ಅದರ ಕಡೆ ನೋಡಲಿಲ್ಲ.

“ನಾವ ತಗದು ಹಾಕಬಹುದೇನು?”

“ಮೇನ್ ಸ್ವಿಚ್ ಬಂದ್ ಮಾಡದ ಮುಟ್ಟಬಾರದು. ನಡಿ, ನಾನ ಬರ್ತೀನಿ.”

“ಮತ್ತ ಮನಿಯೆಲ್ಲಾ ಕತ್ತಲಾಗತೈತಲ್ಲೋ. ಮತ್ತ ಆಕಿನ್ನ ಅಂತಾರ.”

ಅವನು ಚೀಲ ಹೆಗಲಿಗೇರಿಸಿಕೊಂಡು ಗಾಡಿಗೆ ಬೆನ್ನು ಮಾಡಿ ನಡೆದ. ಅವಳು ಹಿಂದೆ ಹೋದಳು. ಗೇಟಿನ ಹತ್ತಿರದಿಂದ ಅವನ ಮಾತು ಕೇಳಿಸಿತು.

“ಮೊದಲ ಆಕಿ ಕೈಲೆನ ದೇವರ ಮುಂದ ಎಣ್ಣಿ ದೀಪ ಹಚ್ಚಸು. ಆಮ್ಯಾಲ ನಾ ಬಂದ್ ಮಾಡ್ತೀನಿ.”