ಗಣಿ ಮ್ಯೂಸಿಯಮ್ಮಿನಿಂದ ಕಾಣೆಯಾದ ಸೀಸದ ಹರಳು

ಹೆಸರು: ಫಿದಾಂಕಾ ಚಾವ್ದಾರೋವಾ. ವಯಸ್ಸು: 58. ಉದ್ಯೋಗ: ಹಿಂದೆ ಸೀಸದ ಗಣಿಯಲ್ಲಿ ಕೆಳಗಿಳಿಯುವವರಿಗೆ ದೀಪ ಕೊಡುವ ಕೆಲಸ, ಈಗ ಗಣಿ ಮತ್ತು ಖನಿಜ ಮ್ಯೂಸಿಯಮ್ಮಿನ ಉಸ್ತುವಾರಿ. ವಾಸ: ಹಳೇ ಸುರಂಗದ ಬೀದಿ, ಒಲೊವ್ನಿಕ್, ರೊಡೋಪಿ ಬೆಟ್ಟಸೀಮೆ, ಬಲ್ಗೇರಿಯಾ. ಈ ಮೂಲಕ ತಿಳಿಸುವುದೇನೆಂದರೆ,

ಇಂದು ಬೆಳಿಗ್ಗೆ 8 ಗಂಟೆಗೆ ನಾನು ಮ್ಯೂಸಿಯಮ್ಮಿನ ಬಾಗಿಲು ತೆರೆದೆ. ಗಾಜಿನ ಪೆಟ್ಟಿಗೆಯಲ್ಲಿದ್ದ ದೊಡ್ಡ ಸೀಸದ ಹರಳು ಇರಲಿಲ್ಲ. ಅದು ಎಲೆಕೋಸಿನ ಗಾತ್ರದ್ದು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ದಿವಂಗತ ಗಣಿಕಾರ ಸ್ಟಾಮೆನ್ ಅದನ್ನು ಗಣಿಯಿಂದ ಬುತ್ತಿ ಚೀಲದಲ್ಲಿ ಹೊರತಂದಿದ್ದರು. ಗಾಜು ಒಡೆದಿರಲಿಲ್ಲ. ಬೀಗದ ಕೈ ಎಂದಿನಂತೆ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಬೀಗ ಹಾಕಿ ಕೈಯನ್ನು ಅಲ್ಲೇ ತೂಗುಹಾಕುವುದೇಕೆಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಸಾರ್ಜೆಂಟ್ ಕಾಲೋಯಾನ್ ಕೇಳಿದರು. ಬೇರೆ ಕಡೆ ಇಟ್ಟರೆ ಊರವರಿಗೆ ಸಿಗಬೇಕಲ್ಲ ಎಂದೆ.

11 ಗಂಟೆಗೆ ಜಿಲ್ಲಾ ಕಚೇರಿಯ ಶ್ರೀಮತಿ ಒಗ್ನ್ಯಾನೋವಾ ಬರುವವರಿದ್ದರು. ನೋಡುವಂಥದ್ದು ಸಾಲದಿದ್ದರೆ ಮ್ಯೂಸಿಯಂ ಮುಚ್ಚಿ ಎಲ್ಲವನ್ನೂ ಜಿಲ್ಲಾ ಪಟ್ಟಣಕ್ಕೆ ಸಾಗಿಸುವುದಾಗಿ ಮೊದಲೇ ತಿಳಿಸಿದ್ದರು. ಗಣಿ ನಿಂತ ಮೇಲೆ ನಮಗೆ ಉಳಿದಿರುವುದು ಇದೊಂದೇ. ನಾನು ಠಾಣೆಗೆ ಫೋನ್ ಮಾಡಿ ಅತ್ತೆ. ಅತ್ತದ್ದನ್ನೂ ಬರೆಯಿರಿ.

ಎದುರಿನ ಬೇಕರಿಯ ತಿಂಕಾ ನನ್ನ ಗೋಳು ಕೇಳಿಸಿಕೊಂಡಳು. ಅವಳ ಕಿವಿಗೆ ಬಿತ್ತೆಂದರೆ ಊರಿಗೇ ಡಂಗುರ. 9:30ರಿಂದ ಜನ ಬರತೊಡಗಿದರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಗಂಟು, ಗಂಟಿನೊಳಗೆ ಮನೆಯ ಹರಳು; ಮ್ಯೂಸಿಯಂ ಖಾಲಿ ಕಾಣಬಾರದಲ್ಲ. ಗಣಿಯಿಂದ ಹರಳು ಹೊರತರುವುದು ಆಗ ಅಪರಾಧವಾಗಿತ್ತು. ಆದರೂ ಟಿವಿಯ ಮೇಲೆ ಕಸೂತಿ ಬಟ್ಟೆ ಹಾಸಿ ಹರಳು ಇಡದ ಮನೆ ನಮ್ಮಲ್ಲಿಲ್ಲ. ಪೊಲೀಸರು ಬಂದಾಗ ಮಾತ್ರ ಬಟ್ಟೆ ಹರಳಿನ ಮೇಲಿರುತ್ತದೆ.

ಶ್ರೀಮತಿಯವರು ಬರುವಷ್ಟರಲ್ಲಿ ಮೇಜು, ಕಿಟಕಿಕಟ್ಟೆ, ನನ್ನ ಕುರ್ಚಿ ಎಲ್ಲವೂ ಹರಳುಗಳಿಂದ ತುಂಬಿದ್ದವು. ಇವೆಲ್ಲ ಯಾರವು ಎಂದು ಅವರು ಕೇಳಿದರು. ಎಲ್ಲರೂ ಮೇಲೆ ಚಾವಣಿ ನೋಡಿದರು. ಯಾರವೂ ಅಲ್ಲ, ಮ್ಯೂಸಿಯಮ್ಮಿನವೇ ಎಂದು ತಿಂಕಾ ಹೇಳಿಬಿಟ್ಟಳು. ಇನ್ನು ವಾಪಸ್ ಕೇಳುವಂತಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಪಾಪ, ಮುಖ ಹುಳ್ಳಗಾಯಿತು.

11:20ಕ್ಕೆ ಸ್ಟಾಮೆನ್ ಅವರ ಹೆಂಡತಿ ಗ್ಯುರ್ಗಾ ಅಜ್ಜಿ, ವಯಸ್ಸು 81, ಕೈಗಾಡಿ ತಳ್ಳಿಕೊಂಡು ಬಂದರು. ಗಾಡಿಯಲ್ಲಿ ಟವೆಲ್ ಸುತ್ತಿದ ನಮ್ಮ ದೊಡ್ಡ ಹರಳು!

"ಯಾಕ್ರೇ ಹಿಂಗೆ ಗುಂಪು ಕಟ್ಟಿದ್ದೀರಿ, ಯಾರು ಹೋದ್ರು?" ಎಂದು ಕೇಳಿದರು.

ಗಣಿಕಾರರ ಹಬ್ಬ ನಾಡಿದ್ದು. ಹಬ್ಬಕ್ಕೆ ಮುಂಚೆ ಮನೆಯ ಹೆಂಗಸರು ಗಂಡನ ಗಡ್ಡದ ಬ್ರಷ್ಷಿನಿಂದ ಹರಳನ್ನು ತೊಳೆಯುವುದು ನಮ್ಮಲ್ಲಿ ಪದ್ಧತಿ. ಅಜ್ಜಿ ನಿನ್ನೆ ಸಂಜೆ ಅದಕ್ಕೇ ಒಯ್ದಿದ್ದರಂತೆ. ಒಂದು ಮಾತು ಹೇಳಬಾರದಿತ್ತೇ ಎಂದು ರೇಗಿದೆ.

"ನಿಮ್ಮನಿಮ್ಮನೇದು ತೊಳ್ಕೊಂಡು ಹಬ್ಬ ಮಾಡ್ತೀರಿ, ನನ್ನ ಗಂಡಂದು ಮಾತ್ರ ಧೂಳು ತಿನ್ಬೇಕಾ? ಗಾಜಿನೊಳಗೆ ಇಟ್ಟ ಮಾತ್ರಕ್ಕೆ ಅನಾಥ ಆಗೋಯ್ತೇನೇ?" ಎಂದು ನನ್ನನ್ನೇ ಗದರಿದರು.

ನಾನು ಅವರನ್ನು ತಬ್ಬಿಕೊಂಡು ಎರಡನೇ ಸಲ ಅತ್ತೆ. ಶ್ರೀಮತಿಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮ್ಯೂಸಿಯಂ ಇಲ್ಲೇ ಇರಲಿ, ಇನ್ನೆರಡು ಗಾಜಿನ ಬೀರು ಕಳಿಸುತ್ತೇನೆ ಎಂದು ಎಲ್ಲರೆದುರು ಹೇಳಿದರು. ಆದ್ದರಿಂದ ನನ್ನ ದೂರನ್ನು ಹಿಂಪಡೆಯುತ್ತೇನೆ.

ಉಳಿದ ಹರಳುಗಳನ್ನು ತಂದವರ ಹೆಸರು ಬೇಕೆಂದು ಸಾರ್ಜೆಂಟ್ ಕೇಳಿದರು. ನಾನು ಯಾರನ್ನೂ ನೋಡಿಲ್ಲ. ಒಬ್ಬರನ್ನು ಮಾತ್ರ ನೋಡಿದೆ. ಕಿಟಕಿಕಟ್ಟೆಯ ಹಸಿರು ಹರಳನ್ನು 10:15ಕ್ಕೆ ಟೋಪಿಯೊಳಗೆ ಅಡಗಿಸಿ ತಂದವರು ಸಾರ್ಜೆಂಟ್ ಕಾಲೋಯಾನ್ ಅವರೇ. ಅದು ಅವರ ದಿವಂಗತ ತಂದೆಯದು. ತಮ್ಮ ಅಪ್ಪ, ಸ್ಟಾಮೆನ್ ಇಬ್ಬರೂ ಒಂದೇ ಪಾಳಿಯವರು, ದೊಡ್ಡದು ಸಿಕ್ಕಿದರೆ ಇದನ್ನು ಅದರ ಪಕ್ಕದಲ್ಲೇ ಇಡಿ ಎಂದಿದ್ದರು. ಇದನ್ನು ಬರೆಯುವುದು ಬೇಡ ಎಂದು ಈಗ ಹೇಳುತ್ತಿದ್ದಾರೆ. ಹೇಳಿದ್ದನ್ನು ಹೇಳಿದಂತೆ ಬರೆಯುವುದು ನಿಮ್ಮ ಕೆಲಸವಪ್ಪಾ ಎಂದೆ. ಬರೆದರು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ, ಇದರಲ್ಲಿರುವುದೆಲ್ಲ ಸತ್ಯ. ಕೊನೆಯ ಭಾಗ ಓದುವಾಗ ಸಾರ್ಜೆಂಟ್ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅದೂ ಸತ್ಯ.

ಸ್ಥಳ: ಒಲೊವ್ನಿಕ್
ದಿನಾಂಕ: 16 ಆಗಸ್ಟ್ 2017
ಸಹಿ: ಫಿದಾಂಕಾ ಚಾವ್ದಾರೋವಾ