ಕರೆದವರೇ ಕರೆದುಕೊಂಡು ಹೋಗಬೇಕು

ವೇದಿಕೆಯ ನಡುವಿನ ಕುರ್ಚಿಯನ್ನು ಅಲಂಕರಿಸಿರುವ ಮಡಿಲು ಬಳಗದ ಅಧ್ಯಕ್ಷೆ ಶ್ರೀಮತಿ ಸುಮಲತಾ ಅವರೇ, ಹೊಸಪೇಟೆಯಿಂದ ಬಂದು, ಬಂದಾಗಿನಿಂದ ಗಡಿಯಾರವನ್ನೇ ನೋಡುತ್ತಿರುವ ಮುಖ್ಯ ಅತಿಥಿಗಳೇ, ಇಂದಿನ ಸನ್ಮಾನಕ್ಕೆ ಪಾತ್ರರಾಗಿ ಈ ಸೆಕೆಯಲ್ಲೂ ಶಾಲು ತೆಗೆಯಲು ಸಂಕೋಚಪಡುತ್ತಿರುವ ನಮ್ಮ ಮಂಜಮ್ಮನವರೇ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯಿಂದ ಬಂದಿರುವ ಮಕ್ಕಳ ಮನೆಗಳ ತಾಯಂದಿರೇ, ಕೊಟ್ಟೂರಿನ ಮಹಾಜನರೇ, ಸಭಿಕರೇ, ಮತ್ತು ಮುಂದಿನ ಚಾಪೆಯ ಮೇಲೆ ಕುಳಿತು ಒಬ್ಬರ ಕಿವಿ ಒಬ್ಬರು ಎಳೆಯುತ್ತಿರುವ ಪುಟಾಣಿಗಳೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷದಲ್ಲಿ ಈ ಜಂಬಣ್ಣ ಗಂಟಲು ಸರಿಮಾಡಿಕೊಳ್ಳುತ್ತಾನೆ, ಅಷ್ಟೇ. ನಾನು ಓದಿದ್ದು ಏಳನೇ ಇಯತ್ತೆ, ಅದೂ ಮೇಷ್ಟರ ಮನೆಗೆ ನೀರು ಹೊತ್ತು. ಆದರೆ ಈ ತಾಲ್ಲೂಕಿನಲ್ಲಿ ನಾನು ಮಾತಾಡದ ಮೈಕು ಇಲ್ಲ. ಇವತ್ತು ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಯಾಕೆಂದರೆ ನಾಳೆ ಬೆಳಿಗ್ಗೆ ಈ ಮಕ್ಕಳ ಮನೆಯ ಬಾಗಿಲು ತೆರೆಯುತ್ತದೋ, ಇಲ್ಲ ಇವತ್ತಿಗೇ ಮುಚ್ಚುತ್ತದೋ ಎಂಬುದು ನನ್ನ ಮಾತಿನ ಮೇಲೆ ನಿಂತಿದೆ. ಇದು ಜಂಬವಲ್ಲ. ಮಂಜಮ್ಮನವರನ್ನು ಕೇಳಿ, ತಲೆ ಅಲ್ಲಾಡಿಸುತ್ತಾರೆ. ನೋಡಿ, ಅಲ್ಲಾಡಿಸಿದರು.

ಮೊದಲು ಬಳಗದ ಬಗ್ಗೆ ಎರಡು ಮಾತು. ಕೂಸು ಎತ್ತಿಕೊಂಡು ಯಾವ ತಾಯಿ ಹೋಟೆಲಿನಲ್ಲಿ ರೊಟ್ಟಿ ತಟ್ಟಿಯಾಳು? ಯಾವ ತಾಯಿ ಶಾಲೆಯ ಅಡಿಗೆಯ ದೊಡ್ಡ ಹಂಡೆ ಇಳಿಸಿಯಾಳು? ಅಂಥವರ ಕೂಸುಗಳನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಮೊದಲೂ ಇದ್ದರು. ಪಡಸಾಲೆಯಲ್ಲಿ ನಾಲ್ಕು ಕೂಸು ಕೂಡಿಸಿಕೊಂಡು, ‘ಸುಮ್ಮನ ಕುಂದರ್ರಿ’ ಎಂದು ಗದರಿಸುವುದೇ ಅವರ ಪಾಠ. ಬಳಗದವರು ಅವರನ್ನು ಹುಡುಕಿಕೊಂಡು ಹೋದರು. ಗುಡೇಕೋಟೆಯ ಗುಡ್ಡದ ಹಳ್ಳಿಗಳಿಗೂ ಹೋದರು, ಉಚ್ಚಂಗಿದುರ್ಗದ ಬುಡಕ್ಕೂ ಹೋದರು. ಆಟಿಕೆ ಕೊಟ್ಟರು, ತರಬೇತಿ ಕೊಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ, ‘ನೀವು ಕಾಯುವವರಲ್ಲ, ಕಲಿಸುವವರು’ ಎಂದು ಹೇಳಿದರು. ಅಷ್ಟು ಹೇಳಿದ್ದಕ್ಕೇ ಆ ಹೆಣ್ಣುಮಕ್ಕಳ ಬೆನ್ನು ನೆಟ್ಟಗಾಯಿತು.

ಕೊಟ್ಟೂರಿನಲ್ಲಿ ಜಾಗ ಬೇಕು ಎಂದಾಗ ಯಾರು ಮುಂದೆ ಬಂದರು? ಈ ಜಂಬಣ್ಣನೇ! ನೀವು ಕುಳಿತಿರುವುದು ನಮ್ಮ ಅಪ್ಪನ ಕಾಲದ ಹತ್ತಿ ಗೋದಾಮು. ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ್ದೇನೆ, ‘ಹಿರಿಯ ಮಗ ಜಂಬಣ್ಣನ ಕೊಡುಗೆ’ ಎಂದು. ನಾನು ಮನೆಯ ಹಿರಿಮಗ. ಹಿರಿಮಗ ಎಂದ ಮೇಲೆ ಎಲ್ಲದರಲ್ಲೂ ಮೊದಲು. ಮೊದಲ ತಾಂಬೂಲ ನನಗೆ, ಮೊದಲ ಟ್ರ್ಯಾಕ್ಟರ್ ನನ್ನದು, ನಮ್ಮ ಓಣಿಯಲ್ಲಿ ಮೊದಲು ಬೋರು ಕೊರೆಸಿದವನು ನಾನು. ನೀರು ಬರಲಿಲ್ಲ, ಅದು ಬೇರೆ ಮಾತು.

ಈಗ ಈ ಮಕ್ಕಳ ಮನೆ ನಡೆಸುವ ಮಂಜಮ್ಮನವರ ಬಗ್ಗೆ. ಅವರದು ಎರಡೇ ಕಟ್ಟಳೆ. ಸಂಜೆ ಕೂಸನ್ನು ಒಯ್ಯಲು ಬಂದವರು ಹೊಸ್ತಿಲ ಹೊರಗೆ ನಿಂತು ಹೆಸರು ಹಿಡಿದು ಕರೆಯಬೇಕು: ‘ಬಾರೋ ಭೀಮೇಶ, ಮನಿಗೆ ಹೋಗೂನು ಬಾ.’ ಒಳಗಿನಿಂದ ಕೂಸು ‘ಬಂದೆ’ ಎನ್ನಬೇಕು. ಆಮೇಲೆಯೇ ಕೈಗೆ ಕೊಡುವುದು. ಇದು ತರಬೇತಿಯಲ್ಲಿ ಹೇಳಿಕೊಟ್ಟದ್ದಲ್ಲ, ನಮ್ಮ ಕಡೆಯ ಹಳೆಯ ಪದ್ಧತಿ. ಆಡಿದ ಜಾಗದಲ್ಲಿ ಕೂಸಿನ ಜೀವ ಉಳಿದುಬಿಡುತ್ತದೆ, ಕರೆದು ಜೊತೆಗೆ ಒಯ್ಯಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಎರಡನೆಯದು, ಒಳಗೆ ಒಂದೇ ಒಂದು ಕೂಸು ಉಳಿದಿದ್ದರೂ ಮಂಜಮ್ಮ ಬೀಗ ಹಾಕುವುದಿಲ್ಲ. ಮಳೆ ಬರಲಿ, ಕರೆಂಟು ಹೋಗಲಿ, ಅವರ ಕೊನೆಯ ಬಸ್ಸೇ ಹೋಗಿಬಿಡಲಿ, ಹಾಕುವುದಿಲ್ಲ.

ಇಂಥ ಹೆಂಗಸಿನ ಜೊತೆ ನಾನು ಚೇಷ್ಟೆ ಮಾಡಿದೆ.

ನನ್ನ ಚಾಳಿ ನಿಮಗೆಲ್ಲ ಗೊತ್ತು. ಎಲ್ಲ ಮಕ್ಕಳಿಗೂ ನಾನೇ ಇನ್ನೊಂದು ಹೆಸರಿಡುತ್ತೇನೆ. ಒಂದು ಸಂಜೆ ಇಲ್ಲಿಗೆ ಬಂದಾಗ ಮಕ್ಕಳೆಲ್ಲ ಹೋಗಿಯಾಗಿತ್ತು. ಮಂಜಮ್ಮ ಬೀಗ ಹಿಡಿದು ನಿಂತಿದ್ದರು. ಇವರ ಕಟ್ಟಳೆಯನ್ನೇ ಇವರ ಮೇಲೆ ತಿರುಗಿಸೋಣ ಎಂದು ನಾನು ಹೊಸ್ತಿಲ ಹೊರಗೆ ನಿಂತು, ಬಾಯಿಗೆ ಬಂದ ಹೆಸರೊಂದನ್ನು ಕೂಗಿದೆ.

‘ಬಾರೋ ಮೈಲಾರಿ, ಮನಿಗೆ ಹೋಗೂನು ಬಾ!’

ಒಳಗಿನಿಂದ ‘ಬಂದೆ’ ಎಂದು ಕೇಳಿಸಿತು.

ಗಟ್ಟಿ ದನಿಯಲ್ಲ. ಹೆದರಿದ ದನಿಯೂ ಅಲ್ಲ. ಎಷ್ಟೋ ಹೊತ್ತಿನಿಂದ ಚಪ್ಪಲಿ ಮೆಟ್ಟಿಕೊಂಡು ಕಾದು ಕುಳಿತ ಮಗುವಿನ ದನಿ.

ನಾನು ನಕ್ಕೆ. ‘ಮಂಜಮ್ಮಾ, ಯಾವುದೋ ಪಿಳ್ಳೆ ಒಳಗೇ ಉಳಿದೈತಿ ನೋಡು’ ಎಂದೆ.

‘ನಗಬ್ಯಾಡ್ರಿ ಸಾವ್ಕಾರ್ರ. ಎಲ್ಲಾರ್ನೂ ನಾನ ಕಳಿಸೀನಿ. ಒಳಗ ಯಾರೂ ಇಲ್ಲ.’

ಇಬ್ಬರೂ ಹೋಗಿ ನೋಡಿದೆವು. ಚಾಪೆ ಎತ್ತಿ ನೋಡಿದೆವು, ಆಟಿಕೆ ಡಬ್ಬಿಗಳ ಹಿಂದೆ ನೋಡಿದೆವು. ಏನೂ ಇರಲಿಲ್ಲ. ಬೆಕ್ಕು ಇರಬೇಕು ಎಂದೆ. ಬೆಕ್ಕು ‘ಬಂದೆ’ ಎನ್ನುತ್ತದೆಯೇ ಸಭಿಕರೇ? ಆದರೂ ಗಂಡಸು, ಏನಾದರೂ ಹೇಳಲೇಬೇಕಲ್ಲ.

ಮರುದಿನದಿಂದ ಮಕ್ಕಳು ಊಟಕ್ಕೆ ಸಾಲಾಗಿ ಕೂತರೆ ನಡುವೆ ಒಂದು ಜಾಗ ಬಿಡತೊಡಗಿದರು. ಮಂಜಮ್ಮ ಒತ್ತಿ ಕೂಡಿಸಿದರೆ ಮತ್ತೆ ಸರಿದುಕೊಳ್ಳುತ್ತಿದ್ದರು. ಮಧ್ಯಾಹ್ನ ಮಲಗಿ ಎದ್ದ ಮಕ್ಕಳ ತಲೆಗೂದಲಲ್ಲಿ ಹತ್ತಿಯ ಎಳೆಗಳು. ಈ ಗೋದಾಮಿಗೆ ಹತ್ತಿ ಬಂದು ಎಷ್ಟು ಕಾಲವಾಯಿತು! ನೆಲಕ್ಕೆ ಹೊಸ ಬಂಡೆ ಹಾಸಿ, ಗೋಡೆಗೆ ಆನೆ, ನವಿಲು ಬರೆಸಿದ್ದೇನೆ. ಎಲ್ಲಿಂದ ಬರಬೇಕು ಹತ್ತಿ? ಹೈಸ್ಕೂಲು ಮೇಷ್ಟರಾದ ಕ್ರಾಂತಿಕುಮಾರರ ಮಗ ಪ್ರಬುದ್ಧ, ಅಗೋ ಅಲ್ಲಿ ಬೆರಳು ಚೀಪುತ್ತ ಕುಳಿತಿದ್ದಾನೆ, ಒಂದು ಸಂಜೆ ಮನೆಗೆ ಹೋಗುವುದಿಲ್ಲ ಎಂದು ಬಾಗಿಲ ಕಂಬ ತಬ್ಬಿಕೊಂಡ.

‘ಮೈಲಾರಿನ್ನ ಯಾಕ ಯಾರೂ ಕರಕೊಂಡು ಹೋಗಲ್ಲ? ಅವನು ದಿನಾ ಬಂದೆ ಬಂದೆ ಅಂತಾನ.’

ಆ ಹೆಸರನ್ನು ಆ ಮಗುವಿಗೆ ಹೇಳಿದವರು ಯಾರು? ನಾನು ಹೇಳಿಲ್ಲ. ಮಂಜಮ್ಮನೂ ಹೇಳಿಲ್ಲ.

ತಾಯಂದಿರು ಹೆದರಿದರು. ಒಬ್ಬೊಬ್ಬರೇ ಕೂಸುಗಳನ್ನು ಬಿಡಿಸಿಕೊಳ್ಳತೊಡಗಿದರು. ಕೂಸು ಬಿಡಿಸಿಕೊಂಡರೆ ಕೆಲಸ ಬಿಡಬೇಕು. ಬಸ್‌ಸ್ಟ್ಯಾಂಡ್ ಹೋಟೆಲಿನ ಕನಕಮ್ಮ ಹಾಗೆಯೇ ಕೆಲಸ ಬಿಟ್ಟಳು. ಮಠದ ಅಯ್ಯನವರನ್ನು ಕರೆಸಿ ಬಾಗಿಲಿಗೆ ವಿಭೂತಿ ಹಚ್ಚಿಸಿದೆ. ಮಕ್ಕಳು ಅದನ್ನು ಒರೆಸಿಕೊಂಡು ಒಬ್ಬರ ಮೂಗಿಗೆ ಒಬ್ಬರು ಹಚ್ಚಿ ಕುಣಿದರು. ಮಂಜಮ್ಮ ಮಾತ್ರ ಸಂಜೆ ಎಲ್ಲರೂ ಹೋದ ಮೇಲೂ ತೆರೆದ ಬಾಗಿಲಲ್ಲಿ ಕುಳಿತೇ ಇರುತ್ತಿದ್ದರು. ಅವರ ಕಟ್ಟಳೆ ನಿಮಗೆ ಹೇಳಿದೆನಲ್ಲ.

‘ಮನಿಗೆ ಹೋಗಬೇ’ ಎಂದೆ.

‘ಒಳಗ ಕೂಸು ಇಟಗೊಂಡು ಹೆಂಗ ಬೀಗ ಹಾಕಲ್ರಿ? ನೀವು ಕರದೀರಿ, ಅದು ಬಂದೆ ಅಂದೈತಿ. ಕರದೋರ ಕರಕೊಂಡು ಹೋಗಬೇಕು. ಇಲ್ಲಂದ್ರ ಈ ಬೀಗ ನಿಮ್ಮ ಕೈಯಾಗ ಕೊಟ್ಟು ನಾನು ಹೋಗ್ತೀನಿ. ಇಂಥಾದ್ದೊಂದು ಕೂಸು ಬಿಟ್ಟು ಹೋದ ಮ್ಯಾಲ ಇನ್ನೊಬ್ಬರ ಕೂಸು ಮುಟ್ಟೋ ಮುಖ ಇರಂಗಿಲ್ಲ ನನಗ.’

ಮಂಜಮ್ಮನಿಲ್ಲದಿದ್ದರೆ ಮಕ್ಕಳ ಮನೆಯೂ ಇಲ್ಲ ಎಂದು ಸುಮಲತಾ ಮೇಡಂ ಹೇಳಿಬಿಟ್ಟರು. ಸರಿ, ಕರೆದುಕೊಂಡೇ ಹೋಗೋಣ ಎಂದು ನಾನು ಹೊಸ್ತಿಲಲ್ಲಿ ನಿಂತು ಮತ್ತೆ ಕರೆದೆ. ‘ಬಾರೋ ಮೈಲಾರಿ.’ ‘ಬಂದೆ’ ಎಂದಿತು. ಬರಲಿಲ್ಲ. ಗದರಿಸಿದೆ. ಮಂಡಕ್ಕಿ ಮಿರ್ಚಿ ಕೊಡಿಸ್ತೀನಿ ಎಂದೆ. ‘ಬಂದೆ’ ಎನ್ನುತ್ತದೆ, ಬರುವುದಿಲ್ಲ. ಹೊಸ್ತಿಲ ಈಚೆ ನಾನು, ಆಚೆ ಆ ದನಿ.

ಕಡೆಗೆ ನನ್ನ ಮನೆಯವಳು ಕಲ್ಯಾಣಮ್ಮ ಬಾಯಿ ಬಿಟ್ಟಳು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

‘ಹಿರೇರ್ನ ಬಾರೋ ಅಂತ ಕರದ್ರ ಯಾರ ಬರ್ತಾರ್ರಿ?’

‘ಯಾರಲೇ ಹಿರೇರು? ಕೂಸಿನ ದನಿ ಅದು.’

‘ನಿಮಗಿಂತ ಮುಂಚಿನ ಕೂಸು. ಈ ಮನಿ ಹಿರೇಮಗ ನೀವಲ್ಲ.’

‘ಹುಚ್ಚು ಹಿಡದೈತೇನ ನಿನಗ?’

‘ಅತ್ತಿ ಹೋಗೋಕಿಂತ ಮುಂಚೆ ನನ್ನ ಕೈ ಹಿಡಕೊಂಡು ಹೇಳ್ಯಾರ. ನಿಮಗ ಹೇಳಬ್ಯಾಡ ಅಂದಿದ್ರು.’

ನಾನು ಹುಟ್ಟುವ ಮೊದಲು ಊರಲ್ಲಿ ಸಿಡುಬು ಬಂದಿತ್ತಂತೆ. ಆಗ ಸಿಡುಬು ಎನ್ನುತ್ತಿರಲಿಲ್ಲ, ‘ಅಮ್ಮ ಬಂದಾಳ’ ಎನ್ನುತ್ತಿದ್ದರು. ವ್ಯಾಪಾರದ ಮನೆ, ನಾಲ್ಕು ಜನ ಬಂದು ಹೋಗುವ ಪಡಸಾಲೆ. ಅದಕ್ಕೇ ಕೂಸಿನ ಸಮೇತ ಅವ್ವನನ್ನು ಈ ಗೋದಾಮಿಗೆ ಕಳಿಸಿದರಂತೆ. ಮೈತುಂಬ ಗುಳ್ಳೆ ಎದ್ದ ಕೂಸಿಗೆ ಹಾಸಿಗೆ ಚುಚ್ಚುತ್ತದೆಂದು ಅವ್ವ ಬಿಡಿ ಹತ್ತಿಯ ಮೇಲೆ ಮಲಗಿಸಿದ್ದಳಂತೆ. ಇಲ್ಲೇ ಹೋಯಿತು. ಆಮೇಲೆ ನಾನು ಹೊಟ್ಟೆಯಲ್ಲಿ ನಿಂತೆ. ಮೊದಲ ಕೂಸಿನ ಹೆಸರು ಹೇಳಿದರೆ ಅದು ಎರಡನೆಯದನ್ನು ಕರೆದೊಯ್ಯುತ್ತದೆ ಎಂದು ಅಜ್ಜಿ ಆ ಹೆಸರನ್ನೇ ಮನೆಯಿಂದ ತೆಗೆದುಹಾಕಿದಳಂತೆ. ನನ್ನನ್ನು ಉಳಿಸಿಕೊಳ್ಳಲು ಅವನನ್ನು ಕರೆಯದೆ ಬಿಟ್ಟರು.

ಆಗ ನನಗೆ ಅವ್ವ ಕಣ್ಣಮುಂದೆ ಬಂದಳು. ಹತ್ತಿ ತೂಗಿಸಲು ಅಪ್ಪನ ಜೊತೆ ಬಂದಾಗಲೆಲ್ಲ ಅವಳು ಹೊರಡುವ ಮುಂಚೆ ಈ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ನಾನು ಅವಳ ಸೆರಗು ಹಿಡಿದಿರುತ್ತಿದ್ದೆ. ಅವಳ ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ದೇವರ ನಾಮವೆಂದುಕೊಂಡಿದ್ದೆ. ಬಾಯಿಗೆ ಬಂದ ಹೆಸರು ಎಂದೆನಲ್ಲ, ಬಾಯಿಗೆ ಹೇಗೆ ಬಂತೆಂದು ಈಗ ತಿಳಿಯಿತೇ? ಅವಳು ದನಿಯಿಲ್ಲದೆ ಕರೆದಳು, ಅವನಿಗೆ ಕೇಳಿಸಲಿಲ್ಲ. ನಾನು ಇಡೀ ಓಣಿಗೆ ಕೇಳುವಂತೆ ಕರೆದೆ.

‘ಹಂಗಾದ್ರ ಹೋಗಿ ಮೆಲ್ಲಕ ಅಣ್ಣ ಅಂತ ಕರದು ಬರ್ತೀನಿ’ ಎಂದೆ.

ಕಲ್ಯಾಣಮ್ಮ ಒಪ್ಪಲಿಲ್ಲ. ‘ಊರ ಮುಂದ ಹಿರೇಮಗ ಹಿರೇಮಗ ಅಂತ ಮೆರದೀರಿ. ಅವನ ಜಾಗದಾಗ ಕುಂತೀರಿ. ಊರ ಮುಂದ ಇಳೀರಿ. ಜಾಗ ಖಾಲಿ ಇಲ್ಲದ ಮನಿಗೆ ಯಾವ ಕೂಸು ಬರತೈತಿ?’

ಮುಖ್ಯ ಅತಿಥಿಗಳೇ, ದಯವಿಟ್ಟು ಕಾಲು ಹಿಂದಕ್ಕೆ ತೆಗೆದುಕೊಳ್ಳಿ. ಮಕ್ಕಳ ಸಾಲಿನಲ್ಲಿ ನಿಮ್ಮೆದುರು ಖಾಲಿ ಕಾಣುತ್ತಿರುವ ಜಾಗ ಖಾಲಿಯಲ್ಲ.

ಸಭಿಕರೇ, ಇಷ್ಟು ಹೊತ್ತು ನಾನು ಯಾಕೆ ಎಳೆದೆ? ಇಷ್ಟು ವಯಸ್ಸಾದ ಮೇಲೆ, ಮೀಸೆ ಬೆಳ್ಳಗಾದ ಮೇಲೆ, ಊರೆಲ್ಲ ದೊಡ್ಡಪ್ಪ ಎಂದು ಕರೆಯುವವನ ಬಾಯಿಯಿಂದ ಒಂದು ಮಾತು ಹೊರಡುವುದು ಬಲು ಕಷ್ಟ. ಹೇಳುತ್ತೇನೆ. ನಾನು ನಮ್ಮ ಮನೆಯ ಹಿರಿಮಗನಲ್ಲ. ನಾನು ಎರಡನೆಯವನು. ನಮ್ಮ ಮನೆಯ ಹಿರಿಮಗನ ಹೆಸರು ಮೈಲಾರಿ. ಬಾಗಿಲ ಮೇಲಿನ ಕಲ್ಲನ್ನು ನಾಳೆಯೇ ತೆಗೆಸುತ್ತೇನೆ. ಈ ಗೋದಾಮು ಅವನದು, ಅವನ ಪರವಾಗಿ ಬಳಗಕ್ಕೆ ಕೊಡುತ್ತಿದ್ದೇನೆ, ಮರಳಿ ಕೇಳುವುದಿಲ್ಲ.

ಚಪ್ಪಾಳೆ ಬೇಡ. ದಯವಿಟ್ಟು ಬೇಡ. ಕೂಸು ಬೆದರೀತು.

ಹೊರಗೆ ದೀಪ ಹಚ್ಚುವ ಹೊತ್ತಾಗಿದೆ. ನಾನು ಈಗ ಮೈಕು ಹಿಡಿದುಕೊಂಡೇ ಹೊಸ್ತಿಲ ಹೊರಗೆ ನಿಲ್ಲುತ್ತೇನೆ. ವೈರು ಸಾಲುತ್ತದೆ. ಯಾರೂ ಏಳಬೇಡಿ.

ಅಣ್ಣಾ, ನಾನು ಜಂಬಣ್ಣ. ನಿಮ್ಮ ತಮ್ಮ. ತಡ ಆತು, ಬೈಬ್ಯಾಡ್ರಿ. ಅವ್ವಗ ಕರಿಯಾಕ ಬಿಡಲಿಲ್ಲ. ನಾನು ಬಂದೀನಿ. ಮನಿಗೆ ಹೋಗೂನು, ಬರ್ರಿ.

ಕೇಳಿಸಿತೇ? ಮಕ್ಕಳಿಗೆ ಕೇಳಿಸಿದೆ, ಎಲ್ಲರೂ ಒಂದೇ ಕಡೆ ತಿರುಗಿದರು. ದಾರಿ ಬಿಡುತ್ತಿದ್ದಾರೆ. ಕೈ ಬೀಸುತ್ತಿದ್ದೀಯಾ ಪ್ರಬುದ್ಧ? ಬೀಸಪ್ಪ, ಬೀಸು.

ಮಂಜಮ್ಮನವರೇ, ಇನ್ನು ಒಳಗೆ ಕರೆಯದೆ ಬಿಟ್ಟ ಕೂಸು ಯಾವುದೂ ಇಲ್ಲ. ಸಭೆ ಮುಗಿದ ಮೇಲೆ ಬೀಗ ಹಾಕಿ, ಬೆಳಿಗ್ಗೆ ತೆಗೆಯಿರಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ತಾಯಂದಿರಿಗೆ ನನ್ನ ವಂದನೆಗಳು. ಮೈಕನ್ನು ಯಾರಾದರೂ ತೆಗೆದುಕೊಳ್ಳಿ. ಹಿರಿಯರೆದುರು ಎರಡೂ ಕೈ ಜೋಡಿಸಬೇಕು, ನನಗೆ ಗೊತ್ತು. ಜೋಡಿಸಲು ಆಗುತ್ತಿಲ್ಲ, ಕ್ಷಮಿಸಿ. ಎಡಗೈಯನ್ನು ಬಲವಾಗಿ ಹಿಡಿದುಕೊಂಡಿದ್ದಾರೆ. ಒಂದೇ ಕೈಯಿಂದ, ಎಲ್ಲರಿಗೂ ನಮಸ್ಕಾರ.